ಹುತ್ತವನ್ನೂ ಕುಂಬಾರನೇ ಮಾಡಿದನೇ?

ಲಂಡನ್

ಚಿ. ಸುಮಾಗೆ ಚಿಕ್ಕಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆ ಅಂತ ಮುಂದಿನ ಕಾಗದದಲ್ಲಿ ತಪ್ಪದೆ ಬರೆ. ದೇವರನ್ನು ಪ್ರಶ್ನಿಸುವ ಪುಸ್ತಕಗಳನ್ನು ಓದಬೇಕು, ಎಲ್ಲಿಂದ ಶುರುಮಾಡಲಿ ಅಂತ ಕೇಳಿದ್ದೀಯ. ನಿಮ್ಮಪ್ಪನಿಗೆ ಇದರಿಂದ ಸ್ವಲ್ಪ ಕಳವಳ ಅಂತಲೂ ಬರೆದಿದ್ದೀಯ. ಈ ಕಾಗದವನ್ನು ಅವನಿಗೂ ಓದಿ ಹೇಳು.

ಕನ್ನಡದಿಂದಲೇ ಶುರುಮಾಡು. ಎ. ಎನ್. ಮೂರ್ತಿರಾಯರ ‘ದೇವರು’ ತಗೋ. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಕೊಟ್ಟ ಪುಸ್ತಕ, ಪಂಪ ಪ್ರಶಸ್ತಿ ಬಂದದ್ದು. ಹೊರಗಿನವರ ಪುಸ್ತಕಗಳಿಗಿಂತ ಮೊದಲು ಇದನ್ನು ಓದು ಅನ್ನುವುದಕ್ಕೆ ಕಾರಣವಿದೆ. ಅದರಲ್ಲಿ ಬರುವ ದೇವರು ನಮ್ಮ ಮನೆಗಳಲ್ಲಿ ಪೂಜೆ ಮಾಡಿಸಿಕೊಳ್ಳುವ ದೇವರು. ಪುಸ್ತಕದ ಮಾತು ಯಾರನ್ನು ಕುರಿತದ್ದು ಅನ್ನುವ ಗೊಂದಲ ಅಲ್ಲಿ ಬರುವುದಿಲ್ಲ.

ಈ ಓದಿನಲ್ಲಿ ಹೆಚ್ಚಿನವರು ಎಡವುವುದು ಆ ಗೊಂದಲದಲ್ಲೇ. ಇಂಗ್ಲಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲನ ‘ನಾನೇಕೆ ಕ್ರೈಸ್ತನಲ್ಲ’ ನೋಡು. ಅದು 1927ರ ಮಾರ್ಚ್ 6ರಂದು ಇದೇ ಊರಿನ ಬ್ಯಾಟರ್ಸೀ ಟೌನ್ ಹಾಲ್‌ನಲ್ಲಿ ಮಾಡಿದ ಭಾಷಣ. ಅರ್ಧ ಭಾಗ ಆದಿಕಾರಣ, ಸೃಷ್ಟಿಯ ವಿನ್ಯಾಸ ಮುಂತಾದ ವಾದಗಳ ಖಂಡನೆ. ಉಳಿದರ್ಧ ಯೇಸುವಿನ ನಡೆನುಡಿ, ನರಕದ ಮಾತು, ಅಂಜೂರದ ಮರಕ್ಕೆ ಕೊಟ್ಟ ಶಾಪ. ಆ ಎರಡನೆಯ ಅರ್ಧವನ್ನು ತಂದು ಅಜ್ಜಿಯ ಮುಂದೆ ಇಟ್ಟರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಯಾವ ಪುಸ್ತಕ ತೆರೆದರೂ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಇದಾಗಿರಲಿ: ಇಲ್ಲಿ ಇಲ್ಲವೆನ್ನುತ್ತಿರುವುದು ಯಾವ ದೇವರನ್ನು? ಜಗತ್ತನ್ನು ಮಾಡಿದವನನ್ನೋ, ಕರ್ಮಕ್ಕೆ ಫಲ ಕೊಡುವವನನ್ನೋ, ಹರಕೆ ಕೇಳುವವನನ್ನೋ?

ಹಾಗೆಯೇ ‘ನಾಸ್ತಿಕ’ ಎಂಬ ಮಾತು. ನಮ್ಮ ಹಳೆಯ ಶಾಸ್ತ್ರಗಳಲ್ಲಿ ಅದಕ್ಕೆ ದೇವರಿಲ್ಲ ಅನ್ನುವವನು ಎಂದೇ ಅರ್ಥವಲ್ಲ. ಮನುಸ್ಮೃತಿಯ ಪ್ರಕಾರ ವೇದವನ್ನು ನಿಂದಿಸುವವನು ನಾಸ್ತಿಕ. ಅದಕ್ಕೇ ವೇದವೇ ಪ್ರಮಾಣ ಎನ್ನುವ ಮೀಮಾಂಸಕನಾದ ಕುಮಾರಿಲ ಭಟ್ಟ ಸೃಷ್ಟಿಕರ್ತನನ್ನು ಖಂಡಿಸಿಯೂ ಆಸ್ತಿಕನೇ. ದೇವರ ವಿಷಯಕ್ಕೆ ‘ನಿರೀಶ್ವರವಾದ’ ಎಂದು ಬರೆದುಕೋ.

ಇನ್ನು ಸಂಸ್ಕೃತದಿಂದ ಬಂದ ಗ್ರಂಥಗಳು. ಅವುಗಳಲ್ಲಿ ಮೊದಲು ಎದುರಾಳಿಯ ವಾದ ಬರುತ್ತದೆ, ಅದು ಪೂರ್ವಪಕ್ಷ. ಆಮೇಲೆ ಗ್ರಂಥಕರ್ತನ ಉತ್ತರ, ಅದು ಸಿದ್ಧಾಂತ. ಪೂರ್ವಪಕ್ಷದ ಸಾಲನ್ನು ಕಿತ್ತು ‘ಇವರೇ ಹೀಗೆ ಹೇಳಿದ್ದಾರೆ’ ಎಂದು ಹಂಚುವವರು ಬಹಳ ಜನ. ಪೆನ್ಸಿಲ್ ಹಿಡಿದು ಅಂಚಿನಲ್ಲಿ ‘ಪೂ’ ಮತ್ತು ‘ಸಿ’ ಎಂದು ಗುರುತು ಮಾಡುತ್ತಾ ಹೋಗು. ‘ಇತಿ ಚೇತ್, ನ’ ಎಂದು ಬಂದ ಕಡೆ ಮಾತು ಹೊರಳುತ್ತದೆ. ಕನ್ನಡ ಅನುವಾದದಲ್ಲಿ ‘ಹೀಗೆಂದರೆ, ಅಲ್ಲ’ ಎಂದಿರಬಹುದು. ಆ ಪುಟ್ಟ ‘ನ’ ಕಣ್ಣುತಪ್ಪಿದರೆ ಇಡೀ ಪುಟ ತಲೆಕೆಳಗಾಗುತ್ತದೆ.

ಒಂದು ವಾದವನ್ನು ಪೂರ್ತಿ ಬಿಡಿಸಿ ನೋಡೋಣ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಹೇಳುವುದು: ಮಡಕೆಯ ಹಾಗೆ ಜಗತ್ತೂ ಒಂದು ಕಾರ್ಯ, ಅಂದರೆ ಕಾರಣದಿಂದ ಹುಟ್ಟಿದ್ದು. ಮಡಕೆಗೆ ಕುಂಬಾರ ಇದ್ದಾನೆ, ಆದ್ದರಿಂದ ಜಗತ್ತಿಗೂ ಒಬ್ಬ ಕರ್ತ ಇರಲೇಬೇಕು. ಏಳನೆಯ ಶತಮಾನದ ಬೌದ್ಧ ಧರ್ಮಕೀರ್ತಿ ಇದಕ್ಕೆ ಕೊಟ್ಟ ಉತ್ತರ ನಮ್ಮ ತೋಟದ ಬೇಲಿಯ ಹತ್ತಿರವೇ ಇದೆ: ಮಡಕೆಯೂ ಮಣ್ಣಿನದು, ಹುತ್ತವೂ ಮಣ್ಣಿನದು, ಹಾಗಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೇ? ಎರಡು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದ ಮಾತ್ರಕ್ಕೆ ಎರಡಕ್ಕೂ ಒಂದೇ ಬಗೆಯ ಕಾರಣ ಸಿದ್ಧವಾಗುವುದಿಲ್ಲ. ಇಷ್ಟು ಚೊಕ್ಕಟವಾದ ಖಂಡನೆ ನನ್ನ ಮಟ್ಟಿಗೆ ಪಶ್ಚಿಮದಲ್ಲೂ ಅಪರೂಪ.

ನಮ್ಮ ನೆಲದಲ್ಲೇ ಇದಕ್ಕೆ ಜೊತೆ ಇದೆ. ರಾಷ್ಟ್ರಕೂಟ ಅಮೋಘವರ್ಷನ ಗುರು, ಜೈನ ಮುನಿ ಜಿನಸೇನಾಚಾರ್ಯ 9ನೆಯ ಶತಮಾನದಲ್ಲಿ ಬರೆದ ಸಂಸ್ಕೃತ ಆದಿಪುರಾಣ. ಪಂಪ 941ರಲ್ಲಿ ತನ್ನ ಆದಿಪುರಾಣಕ್ಕೆ ಆಧಾರ ಮಾಡಿಕೊಂಡದ್ದು ಇದನ್ನೇ. ಜಿನಸೇನ ಕೇಳುತ್ತಾನೆ: ಸೃಷ್ಟಿಗೆ ಮುಂಚೆ ಸೃಷ್ಟಿಕರ್ತ ಎಲ್ಲಿದ್ದ? ಸಾಮಗ್ರಿ ಎಲ್ಲಿಂದ ತಂದ? ಎಲ್ಲವೂ ಪೂರ್ಣವಾಗಿದ್ದವನಿಗೆ ಸೃಷ್ಟಿಸುವ ಆಸೆ ಯಾಕೆ ಬಂತು? ಆದರೆ ಈತ ಜಿನನನ್ನೂ ಕರ್ಮವನ್ನೂ ಪುನರ್ಜನ್ಮವನ್ನೂ ಪೂರ್ತಿ ನಂಬಿದವನು. ನೋಟ್‌ಬುಕ್ಕಿನ ಆ ಮೊದಲ ಸಾಲು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇದನ್ನು ಓದಿದ ಮೇಲೆ ಎದುರು ಪಕ್ಷವನ್ನೂ ಓದಲೇಬೇಕು. ನೈಯಾಯಿಕ ಉದಯನಾಚಾರ್ಯನ ‘ನ್ಯಾಯಕುಸುಮಾಂಜಲಿ’ ಐದು ಸ್ತಬಕಗಳಲ್ಲಿದೆ, ಸ್ತಬಕ ಅಂದರೆ ಅಧ್ಯಾಯ. ಈಶ್ವರ ಇದ್ದಾನೆ ಎನ್ನುವುದಕ್ಕೆ ಕೊಡುವ ಪ್ರಮಾಣಗಳ ಪಟ್ಟಿ ಐದನೆಯದರಲ್ಲಿ ಬರುತ್ತದೆ. ಪೂರ್ತಿ ಓದಲು ಆಗದಿದ್ದರೆ ಅದನ್ನಾದರೂ ಗುರುಗಳೊಬ್ಬರ ಹತ್ತಿರ ಕೂತು ಓದು. ನ್ಯಾಯದ ಈಶ್ವರ ಏನೂ ಇಲ್ಲದ ಕಡೆಯಿಂದ ಜಗತ್ತನ್ನು ಹುಟ್ಟಿಸುವುದಿಲ್ಲ. ಪರಮಾಣುಗಳು ಅವನಷ್ಟೇ ಅನಾದಿ, ಅವನು ಅವನ್ನು ಜೋಡಿಸುತ್ತಾನೆ. ಹಾಗಾಗಿ ‘ಸಾಮಗ್ರಿ ಎಲ್ಲಿಂದ?’ ಎಂಬ ಪ್ರಶ್ನೆ ನೈಯಾಯಿಕನಿಗೆ ತಾಗುವುದೇ ಇಲ್ಲ. ‘ಆಸೆ ಯಾಕೆ ಬಂತು?’ ಎಂಬುದು ತಾಗುತ್ತದೆ.

ಇನ್ನು ಹದಿನೆಂಟನೆಯ ಶತಮಾನದ ಸ್ಕಾಟಿಷ್ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ‘ಸಹಜ ಧರ್ಮದ ಸಂವಾದಗಳು’ ಅವನು ತೀರಿಕೊಂಡ ಮೂರು ವರ್ಷಕ್ಕೆ, 1779ರಲ್ಲಿ ಅಚ್ಚಾಯಿತು. ಹನ್ನೆರಡು ಭಾಗ, ದಿನಕ್ಕೊಂದು ಸಾಕು. ಮಾತಾಡುವವರು ಮುಖ್ಯವಾಗಿ ಮೂವರು: ಕ್ಲಿಯಾಂಥೀಸ್, ಫೈಲೋ, ಡೆಮಿಯಾ. ಪ್ರತಿ ಮಾತಿಗೂ ಆಡಿದವನ ಹೆಸರು ಬರೆದುಕೋ. ಫೈಲೋನ ಬಾಯಲ್ಲಿ ಬಂದದ್ದೆಲ್ಲ ಹ್ಯೂಮನದೇ ಎಂದು ತೀರ್ಮಾನಿಸಿದರೆ ಹನ್ನೆರಡನೆಯ ಭಾಗದಲ್ಲಿ ಕಷ್ಟವಾಗುತ್ತದೆ, ಅಲ್ಲಿ ಫೈಲೋನ ಧಾಟಿಯೇ ಬದಲಾಗುತ್ತದೆ. ‘ಕೆಡುಕನ್ನು ತಡೆಯುವ ಮನಸ್ಸಿದ್ದೂ ಶಕ್ತಿಯಿಲ್ಲವೇ?’ ಎಂಬ ಪ್ರಶ್ನೆ ಹತ್ತನೆಯ ಭಾಗದ್ದು. ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ ಹೇಳಿದ್ದು ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅವನದೆಂದು ಉಳಿದಿರುವ ಬರಹಗಳಲ್ಲಿ ಅದು ಇಲ್ಲ. ಬೇರೆಯವರು ಅವನ ಹೆಸರಿನಲ್ಲಿ ದಾಖಲಿಸಿದ್ದು.

ದೇವರನ್ನೂ ಪರಲೋಕವನ್ನೂ ಒಪ್ಪದ ನಮ್ಮ ಚಾರ್ವಾಕರದ್ದೂ ಇದೇ ಪಾಡು. ‘ಋಣಂ ಕೃತ್ವಾ ಘೃತಂ ಪಿಬೇತ್’, ಸಾಲ ಮಾಡಿಯಾದರೂ ತುಪ್ಪ ತಿನ್ನು, ಎಂಬ ಸಾಲು ನಮಗೆ ಸಿಗುವುದು ಅವರನ್ನು ಒಪ್ಪದ ಮಾಧವ ವಿಜಯನಗರದ ಕಾಲದಲ್ಲಿ ಬರೆದ ‘ಸರ್ವದರ್ಶನಸಂಗ್ರಹ’ದಲ್ಲಿ. ಎದುರಾಳಿ ಬರೆದಿಟ್ಟ ಲೆಕ್ಕದಿಂದ ಒಬ್ಬರ ಬಾಳನ್ನು ಅಳೆಯುವುದು ಅನ್ಯಾಯ. ಅವರನ್ನು ಬರೀ ತುಪ್ಪದವರೆಂದು ನಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟ.

ಅಜ್ಜಿ ದೀಪ ಹಚ್ಚುವುದು ಕುಂಬಾರನ ವಾದವನ್ನು ನಂಬಿ ಅಲ್ಲ, ಆದ್ದರಿಂದ ಹುತ್ತದ ಉತ್ತರವನ್ನು ಅವರ ಮುಂದೆ ಇಡಬೇಡ. ನಿಮ್ಮಪ್ಪನ ಮಾತು ಬೇರೆ. ಅವನು ತರ್ಕ ಓದಿದವನು. ಉದಯನನ ಪಕ್ಷ ಹಿಡಿದು ಕೂರಲಿ, ನೀನು ಜಿನಸೇನನ ಪಕ್ಷ ಹಿಡಿ. ಒಂದು ವಾರ ಕಳೆದ ಮೇಲೆ ಪಕ್ಷ ಅದಲುಬದಲು ಮಾಡಿಕೊಳ್ಳಿ. ಯಾವ ಪ್ರಶ್ನೆಗೆ ಇಬ್ಬರೂ ಸಿಕ್ಕಿಬಿದ್ದಿರಿ ಅಂತ ಬರೆ.

ಅಣ್ಣ ಅತ್ತಿಗೆಗೂ ಅಜ್ಜಿಗೂ ನಮಸ್ಕಾರ ತಿಳಿಸು.

ನಿನ್ನ ಚಿಕ್ಕಪ್ಪ