ಲಿನನ್ ಅಂಗಿಗೆ ಡ್ರೈ ಕ್ಲೀನಿಂಗ್ ಏಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬೇಸಿಗೆಯ ಉಡುಪುಗಳ ಬಗ್ಗೆ ಬಂದ ಲೇಖನ ಲಿನನ್ ಬಟ್ಟೆಯನ್ನು ಮನಸಾರೆ ಹೊಗಳಿದೆ. ಆದರೆ ಕೊನೆಯಲ್ಲಿ ‘ಮನೆಯಲ್ಲಿ ಒಗೆಯದೆ ಡ್ರೈ ಕ್ಲೀನಿಂಗ್‌ಗೇ ಕೊಡಿ’ ಎಂದು ಓದುಗರಿಗೆ ಸಲಹೆ ನೀಡಲಾಗಿದೆ. ದಾವಣಗೆರೆಯಲ್ಲಿ ಅಂಗಿ ಹೊಲಿಯುವುದೇ ನನ್ನ ಕಸುಬು. ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಲಿನನ್ ಎಂದರೆ ಅಗಸೆಯ ನಾರು. ನಮ್ಮಲ್ಲಿ ಬೀಜಕ್ಕಾಗಿ ಬೆಳೆದು ಚಟ್ನಿಪುಡಿ ಮಾಡುವ ಅದೇ ಅಗಸೆ. ಫ್ರಾನ್ಸ್, ಬೆಲ್ಜಿಯಂ ಕಡೆ ನಾರಿಗಾಗಿಯೇ ಎತ್ತರದ ತಳಿಗಳನ್ನು ಬೆಳೆಯುತ್ತಾರೆ. ಗಿಡವನ್ನು ಕೊಯ್ಯದೆ ಬೇರುಸಹಿತ ಕಿತ್ತು, ಹೊಲದಲ್ಲೇ ಹರವಿ, ವಾರಗಟ್ಟಲೆ ಇಬ್ಬನಿ ಮಳೆಯಲ್ಲಿ ಕೊಳೆಯಲು ಬಿಡುತ್ತಾರೆ. ಕಾಂಡದ ಅಂಟು ಕರಗಿದ ಮೇಲೆ ನಾರು ಬಿಡಿಸಿಕೊಳ್ಳುತ್ತದೆ. ಅಷ್ಟು ದಿನ ನೀರು ಕುಡಿದು ಬಂದ ನಾರು ಮನೆಯ ಬಕೆಟ್ಟಿಗೆ ಹೆದರುವುದೇ? ಲಿನನ್ ಒಣಗಿದ್ದಾಗ ಇರುವುದಕ್ಕಿಂತ ಒದ್ದೆಯಾದಾಗಲೇ ಹೆಚ್ಚು ಗಟ್ಟಿ. ಒಗೆದಷ್ಟೂ ಮೆತ್ತಗಾಗುತ್ತದೆ.

ಹಾಗಿದ್ದರೆ ಜನರಿಗೆ ಭಯ ಏಕೆ ಹುಟ್ಟಿತು? ಮೊದಲ ಒಗೆತಕ್ಕೆ ಲಿನನ್ ಕುಗ್ಗುತ್ತದೆ, ಅದು ನಿಜ. ಅದಕ್ಕಾಗಿಯೇ ನಾನು ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿ ಹಾಕುತ್ತೇನೆ. ಮದುವೆ ಸೀಸನ್ನಿನ ಅವಸರದಲ್ಲಿ ಈ ಕೆಲಸವನ್ನು ಬಿಟ್ಟರೆ ಗಿರಾಕಿಯ ತೋಳು ಮಣಿಕಟ್ಟಿನಿಂದ ಮೇಲಕ್ಕೆ ಹೋಗುತ್ತದೆ, ಅವರು ಬೈಯುವುದು ಮಾತ್ರ ಒಗೆದ ನೀರನ್ನು. ನೆನೆಸುವ ಶ್ರಮ ಉಳಿಸಿಕೊಂಡವರೇ ‘ಡ್ರೈ ಕ್ಲೀನ್ ಮಾತ್ರ’ ಎಂದು ಹೇಳಿ ಕಳುಹಿಸುತ್ತಾರೆ. ಒಳಗೆ ಕ್ಯಾನ್ವಾಸ್, ಭುಜಕ್ಕೆ ಪ್ಯಾಡ್ ಇಟ್ಟು ಹೊಲಿದ ಕೋಟಿನ ವಿಷಯ ಬೇರೆ, ಅದನ್ನು ನೀರಿಗೆ ಹಾಕಬಾರದು. ನಾನು ಹೇಳುತ್ತಿರುವುದು ದಿನವೂ ತೊಡುವ ಅಂಗಿ, ಕುರ್ತಾಗಳ ಮಾತು.

ಡ್ರೈ ಕ್ಲೀನಿಂಗ್ ಎಂದರೆ ಒಣ ಕೆಲಸವಲ್ಲ. ನೀರಿನ ಬದಲು ರಾಸಾಯನಿಕ ದ್ರಾವಕದಲ್ಲಿ ಬಟ್ಟೆಯನ್ನು ಅದ್ದುತ್ತಾರೆ. ಅನೇಕ ಕಡೆ ಬಳಸುವುದು ಪರ್‌ಕ್ಲೋರೋಎಥಿಲೀನ್. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಇರಿಸಿದೆ. ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು 10 ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. ಈ ದ್ರವ ನೀರಿಗಿಂತ ಭಾರ. ಚೆಲ್ಲಿದರೆ ನೆಲದೊಳಗೆ ಇಳಿದು ಅಂತರ್ಜಲ ಸೇರುತ್ತದೆ. ಅಂಗಿ ತೊಡುವವರಿಗಿಂತ, ಮುಚ್ಚಿದ ಕೋಣೆಯಲ್ಲಿ ದಿನವಿಡೀ ಆ ಯಂತ್ರದ ಮುಂದೆ ನಿಲ್ಲುವ ಹುಡುಗರ ಬಗ್ಗೆ ನನಗೆ ಹೆಚ್ಚು ಚಿಂತೆ.

ಮನೆಯಲ್ಲಿ ಒಗೆಯುವವರೂ ಪುಡಿಯನ್ನು ಹಿಡಿ ಹಿಡಿಯಾಗಿ ಸುರಿಯಬೇಕಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು, ಅದೇ ಕೆರೆಗೆ ಬೆಂಕಿ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ನೊರೆಯಲ್ಲಿ ಬಚ್ಚಲಿನಿಂದ ಹರಿದ ಡಿಟರ್ಜೆಂಟಿನ ಪಾಲು ದೊಡ್ಡದು. ಲಿನನ್‌ಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸಾಬೂನು ಸಾಕು. ಬಣ್ಣದ ಅಂಗಿಗೆ ಬೀಜ ತೆಗೆದ ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿದ ನೀರು ಒಳ್ಳೆಯದು. ಹಿಂಡುವಾಗ ಹಗ್ಗದಂತೆ ತಿರುಚಬೇಡಿ. ನೀರು ಸೋರಲು ಬಿಟ್ಟು, ಕೊಡವಿ, ನೆರಳಿನಲ್ಲಿ ಒಣಹಾಕಿ.

ಅರಿಶಿನದ ಕಲೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲುತ್ತದೆ, ಸಾಬೂನು ಹಚ್ಚಿದ ಕೂಡಲೇ ಹಳದಿ ಕಲೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ. ಅರಿಶಿನಕ್ಕೆ ಕ್ಷಾರ ತಗಲಿದರೆ ಹಾಗೇ ಆಗುವುದು. ಜನ ಗಾಬರಿಯಾಗಿ ಬ್ಲೀಚ್ ಸುರಿಯುತ್ತಾರೆ, ನಾರು ಸೊರಗುತ್ತದೆ. ಸಾಬೂನಿನಲ್ಲಿ ಒಗೆದು ಬಿಸಿಲಿನಲ್ಲಿ ಹರವಿ ನೋಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಂದೆರಡು ದಿನದಲ್ಲಿ ಮಾಸುತ್ತದೆ. ನೆರಳಿನ ನಿಯಮವನ್ನು ಮುರಿಯಬೇಕಾದದ್ದು ಇಲ್ಲಿ ಮಾತ್ರ. ಬೆಣ್ಣೆ ದೋಸೆಯ ಜಿಡ್ಡಿಗೆ ಕಡಲೆಹಿಟ್ಟು ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಡವಿ, ಆಮೇಲೆ ನೀರಿಗೆ ಹಾಕಿ.

ಇಸ್ತ್ರಿಯನ್ನು ಬಟ್ಟೆ ಪೂರ್ತಿ ಒಣಗುವ ಮೊದಲೇ, ಒಳಮೈ ಹೊರಗೆ ಮಾಡಿ ಹಾಕಿದರೆ ಸುಕ್ಕು ಬೇಗ ಹೋಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ರಿಪೇರಿಗೆ ಬರುವ ಲಿನನ್ ಅಂಗಿಗಳು ಹೆಚ್ಚಾಗಿ ಹರಿದಿರುವುದು ಕಾಲರಿನ ಮಡಿಕೆಯಲ್ಲಿ, ತೋಳಿನ ಇಸ್ತ್ರಿ ಗೆರೆಯಲ್ಲಿ. ಬೆಳಕಿಗೆ ಹಿಡಿದರೆ ಗೆರೆಯುದ್ದಕ್ಕೂ ದಾರಗಳು ಬ್ಲೇಡಿನಿಂದ ಕೊಯ್ದಂತೆ ತುಂಡಾಗಿರುತ್ತವೆ. ಈ ನಾರಿಗೆ ಹಿಗ್ಗುವ ಗುಣ ಕಡಿಮೆ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಚಿ ಒತ್ತಿದರೆ ಮುರಿಯುತ್ತದೆ. ತೋಳಿಗೆ ಗೆರೆ ಹಾಕಬೇಡಿ, ಮಡಿಚಿಡುವ ಬದಲು ಹ್ಯಾಂಗರ್‌ಗೆ ಹಾಕಿಡಿ. ಲಿನನ್ ಮೇಲೆ ನಾಲ್ಕು ಸುಕ್ಕು ಇದ್ದರೆ ಅದು ಅಶಿಸ್ತೂ ಅಲ್ಲ, ಅವಮಾನವೂ ಅಲ್ಲ.

ಮುಂದಿನ ಪುರವಣಿಯಲ್ಲಿ ಆ ಸಲಹೆಯನ್ನು ದಯವಿಟ್ಟು ತಿದ್ದಿ ಪ್ರಕಟಿಸಿ. ಬಟ್ಟೆ ಅಂಗಡಿಯವರಲ್ಲೂ ಒಂದು ವಿನಂತಿ: ಮೀಟರ್ ಲೆಕ್ಕದಲ್ಲಿ ಲಿನನ್ ಮಾರುವಾಗ ‘ನೆನೆಸಿ ಹೊಲಿಸಿರಿ, ಮನೆಯಲ್ಲೇ ಒಗೆಯಿರಿ’ ಎಂದು ಬಿಲ್ಲಿನ ಮೇಲೆ ಕನ್ನಡದಲ್ಲಿ ಮುದ್ರಿಸಿ. ಸಿದ್ಧ ಉಡುಪಿನ ಕಾಲರ್ ಒಳಗಿನ ಸಣ್ಣ ಚಿಹ್ನೆಗಳು ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನರಿಗೆ ಅರ್ಥವಾಗುವುದಿಲ್ಲ.

– ಒಬ್ಬ ದರ್ಜಿ, ದಾವಣಗೆರೆ