ತರಗತಿಗೆ ಅಡಿಕೆ ಯಾಕೆ ಬಂತು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಮ್ಮ ಶಾಲೆಯ ರಕ್ಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಟೀಚರೇ, ಶಾಲೆಯಲ್ಲೂ ಅಡಿಕೆ ಎಣಿಸುವುದಾದರೆ ಮಗುವನ್ನು ಇಲ್ಲಿಗೆ ಯಾಕೆ ಕಳಿಸಬೇಕು? ಮನೆಯ ಅಂಗಳದಲ್ಲೇ ಬೇಕಾದಷ್ಟು ಉಂಟಲ್ಲ?" ಕೆಲವರು ಹೌದು ಹೌದು ಎಂದು ತಲೆಯಾಡಿಸಿದರು. ಆ ಹೊತ್ತಿನಲ್ಲಿ ಸರಿಯಾಗಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಬೇರೆ ಊರಿನ ಹೆತ್ತವರಿಗೂ ಇದೇ ಸಂಶಯ ಇರಬಹುದು. ಅದಕ್ಕೇ ಈ ಪತ್ರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತೇನೆ. ಜೂನ್‌ನಲ್ಲಿ ಬೋರ್ಡಿನ ಮೇಲೆ 52ರಿಂದ 27 ಕಳೆಯುವ ಲೆಕ್ಕ ಬರೆದೆ. ಏಳೆಂಟು ಮಕ್ಕಳ ಉತ್ತರ 35. 2ರಿಂದ 7 ಹೋಗುವುದಿಲ್ಲ ಅಂತ ಅವರು ತಿರುಗಿಸಿ 7ರಿಂದ 2 ಕಳೆದಿದ್ದರು. "ಪಕ್ಕದ ಮನೆಯಿಂದ ಸಾಲ ತರಬೇಕು" ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಆದರೆ ಅಲ್ಲಿಂದ ತಂದ ಒಂದು ಇಲ್ಲಿಗೆ ಬಂದಾಗ ಹತ್ತು ಆಗುವುದು ಹೇಗೆ ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ.

ಮರುದಿನ ಮನೆಯಿಂದ ಸುಲಿಯದ ಒಣ ಅಡಿಕೆ ತಂದೆ. ಹತ್ತತ್ತು ಅಡಿಕೆ ಹಾಕಿ ಐದು ತೊಟ್ಟೆ (ಸಣ್ಣ ಚೀಲ) ಕಟ್ಟಿದೆವು. ಎರಡು ಬಿಡಿ ಇಟ್ಟೆವು. 35 ಬರೆದಿದ್ದ ಹುಡುಗನನ್ನೇ ಕರೆದು "ನನಗೆ 27 ಕೊಡು" ಎಂದೆ. ಎರಡು ತೊಟ್ಟೆ ಕೊಟ್ಟ. ಬಿಡಿ ಎರಡನ್ನೂ ಕೊಟ್ಟ. ಇನ್ನು ಐದು ಬೇಕು. ತೊಟ್ಟೆಯನ್ನು ನೋಡಿದ, ನನ್ನನ್ನು ನೋಡಿದ, ಸುಮ್ನೆ ನಿಂತ. ನಾನೂ ಏನೂ ಹೇಳಲಿಲ್ಲ. ಆಮೇಲೆ ತಾನೇ ಒಂದು ತೊಟ್ಟೆಯ ಗಂಟು ಬಿಚ್ಚಿ ಐದು ಎಣಿಸಿ ಕೊಟ್ಟ. ಅವನ ಹತ್ತಿರ ಉಳಿದದ್ದು ಎರಡು ತೊಟ್ಟೆ, ಐದು ಬಿಡಿ. ಈಗ ನಮ್ಮ ತರಗತಿಯಲ್ಲಿ ಸಾಲದ ಮಾತೇ ಇಲ್ಲ. "ಒಂದು ತೊಟ್ಟೆ ಬಿಚ್ಚಬೇಕು" ಅನ್ನುತ್ತಾರೆ.

ಮನೆಯ ಅಂಗಳದಲ್ಲಿ ಅಡಿಕೆ ಇದೆ, ನಿಜ. ಅಲ್ಲಿ ಅದನ್ನು ಗೋಣಿಗೆ ತುಂಬುತ್ತಾರೆ, ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಹತ್ತತ್ತು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುವ ಪುರುಸೊತ್ತು ಯಾರಿಗುಂಟು? ಆ ಪುರುಸೊತ್ತು ಶಾಲೆಯಲ್ಲಿ ಸಿಗಬೇಕು.

ಇನ್ನೊಂದು ಮಾತು. ನಮ್ಮ ಮಕ್ಕಳ ಮನೆಮಾತು ತುಳು, ಮಲೆಯಾಳ, ಮರಾಠಿ, ಕೊಂಕಣಿ, ಬ್ಯಾರಿ, ಹವ್ಯಕ, ಹೀಗೆ ಹಲವು. ಒಬ್ಬಳು ಅಡಿಕೆ ಎಣಿಸುತ್ತಾ ತನಗೆ ಗೊತ್ತಿಲ್ಲದೆ ತುಳುವಿನಲ್ಲಿ "ಪತ್ತೊಂಜಿ" ಎಂದಳು. ಉಳಿದವರು ನಕ್ಕರು. ನಾನು ಆ ಮಾತನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದೆ. ಪತ್ತ್ ಅಂದರೆ ಹತ್ತು, ಒಂಜಿ ಅಂದರೆ ಒಂದು. ನಮ್ಮ ಹನ್ನೊಂದರಲ್ಲಿ ಹತ್ತು ಅಡಗಿ ಕೂತಿದೆ, ಅವಳ ಮಾತಿನಲ್ಲಿ ಕಣ್ಣಿಗೆ ಕಾಣುವ ಹಾಗೇ ಇದೆ. ಹತ್ತು ಅಡಿಕೆಯ ತೊಟ್ಟೆ ಒಂದು, ಬಿಡಿ ಒಂದು. ಆ ದಿನದಿಂದ ಅವಳು ಗಟ್ಟಿಯಾಗಿ ಎಣಿಸುತ್ತಾಳೆ.

ಆಗಸ್ಟ್‌ನಲ್ಲಿ ಒಬ್ಬ ಹುಡುಗನ ಅಜ್ಜನನ್ನು ತರಗತಿಗೆ ಕರೆದೆವು. ಅವರು ಹಿಂದೆ ಸುರಂಗ ಕೊರೆಯುತ್ತಿದ್ದವರು. ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತರುತ್ತಾರಲ್ವಾ, ಅದರ ಉದ್ದವನ್ನು ಹೇಳುವುದು ಕೋಲಿನಲ್ಲಿ. ಒಂದು ಕೋಲಿಗೆ ಎರಡೂವರೆ ಅಡಿ. ಅಜ್ಜ ತಮ್ಮ ಕೋಲಿನಿಂದ ತರಗತಿಯ ಉದ್ದ ಅಳೆದರು. ಸರಿಯಾಗಿ ಎಂಟು ಕೋಲು. ಮಕ್ಕಳು ಸ್ಕೇಲ್ ಇಟ್ಟು ಕೋಲನ್ನೇ ಅಳೆದರು: 76 ಸೆಂಟಿಮೀಟರ್. ಎಂಟು ಸಲ ಕೂಡಿಸಿದರೆ 608. ಟೇಪ್ ಹಿಡಿದರೆ ಗೋಡೆಯಿಂದ ಗೋಡೆಗೆ 610. ಎರಡು ಸೆಂಟಿಮೀಟರ್ ಎಲ್ಲಿ ಹೋಯಿತು? ಅರ್ಧ ಗಂಟೆ ಗಲಾಟೆ. ಟೇಪ್ ಸರಿಯಿಲ್ಲ ಅಂದರು, ಅಜ್ಜನ ಕೈ ನಡುಗಿತು ಅಂದರು. ಕೊನೆಗೆ ಮಾತು ಕಡಿಮೆ ಆಡುವ ಹುಡುಗಿಯೊಬ್ಬಳು ಮತ್ತೆ ಸ್ಕೇಲ್ ಇಟ್ಟು ನೋಡಿ ಹೇಳಿದಳು: "76ರ ಮೇಲೆ ಎರಡು ಸಣ್ಣ ಗೆರೆಯಷ್ಟು ಉಂಟು. ನಾವು ಅದನ್ನು ಬಿಟ್ಟದ್ದು. ಎಂಟು ಸಲ ಬಿಟ್ಟರೆ ಜಾಸ್ತಿ ಆಗ್ತದಲ್ವಾ?" ಪಾಠಪುಸ್ತಕದಲ್ಲಿ ನಾನು ಒಂದು ವಾರ ವಿವರಿಸಿದ್ದರೂ ಆ ಮಾತು ಅವಳ ಬಾಯಿಂದ ಬರುತ್ತಿತ್ತೋ ಇಲ್ಲವೋ. ಅಜ್ಜನಿಗೆ ಆದ ಖುಷಿಯನ್ನು ಹೇಳಿ ಮುಗಿಯದು.

ಇಂಥ ಚಟುವಟಿಕೆಗೆ ಖರ್ಚಿಲ್ಲ. ಮಲ್ಲಿಗೆ ಕಟ್ಟುವ ಮನೆಯ ಮಕ್ಕಳಿಗೆ ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಗೊತ್ತಿರುತ್ತದೆ. ಗುಣಾಕಾರ ಕಲಿಸಲು ಅಷ್ಟು ಸಾಕು. ಕಷ್ಟ ಇರುವುದು ಬೇರೆ ಕಡೆ. ನಮ್ಮ ಕೈಗೆ ಸಿಗುವ ಚಟುವಟಿಕೆಯ ಹಾಳೆಗಳು ಎಷ್ಟೋ ಸಲ ಮಲೆಯಾಳದಲ್ಲಿರುತ್ತವೆ. ರಾತ್ರಿ ಕೂತು ಕನ್ನಡಕ್ಕೆ ಮಾಡಿಕೊಳ್ಳುತ್ತೇನೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕೊಡಲು ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಈ ಹಾಳೆಗಳೂ ಕನ್ನಡದಲ್ಲಿ ಹೊತ್ತಿಗೆ ಸರಿಯಾಗಿ ಬರಲಿ ಎಂದು ಕೇಳುತ್ತಿದ್ದೇನೆ.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಮನೆಗೆ ಬಂದು ತೊಟ್ಟೆ ಬೇಕು, ಅಡಿಕೆ ಬೇಕು ಅಂದರೆ ಗದರಬೇಡಿ. ಕೂತು ಒಮ್ಮೆ ನೋಡಿ. ಮುಂದಿನ ಸಭೆಗೆ ನಾನು ಮೇಜಿನ ಮೇಲೆ ಹತ್ತರ ತೊಟ್ಟೆಗಳನ್ನು ಇಟ್ಟಿರುತ್ತೇನೆ. ಪ್ರಶ್ನೆ ಕೇಳಿದ ಆ ತಾಯಿಯೂ ಬರಬೇಕು. 52ರಿಂದ 27 ಕಳೆಯುವುದನ್ನು ಅವರಿಗೆ ತೋರಿಸಿಕೊಡಲು ಅವರ ಮಗನೇ ಕಾಯುತ್ತಿದ್ದಾನೆ.

– ನಾಲ್ಕನೇ ತರಗತಿಯ ಅಧ್ಯಾಪಿಕೆ, ಪೆರ್ಲ ಸಮೀಪ, ಕಾಸರಗೋಡು ಜಿಲ್ಲೆ