ಕೆರೆಮನೆಗೆ ಹೊರಡುವ ವೇಳೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ಮಾನ್ಯ ಗ್ರಾಹಕರಿಗೆ ನಮ್ಮ ಬೆಳೆಗಾರರ ಸಹಕಾರ ಸಂಘದ ನಮಸ್ಕಾರಗಳು.

ಬರುವ ಅಕ್ಟೋಬರ್ 1ರಿಂದ, ನಮ್ಮ ಕಾಫಿ ತೋಟದೊಳಗಿನ ಅತಿಥಿಗೃಹ ಕೆರೆಮನೆಯಲ್ಲಿ ತಂಗಲು ಬರುವವರು ಮಧ್ಯಾಹ್ನ 1 ಗಂಟೆಯೊಳಗೆ ತೋಟದ ಗೇಟಿನ ಬಳಿ ಇರುವ ನಮ್ಮ ಕಚೇರಿಯನ್ನು ತಲುಪಿರಬೇಕು ಮತ್ತು 1.30ಕ್ಕೆ ನಡಿಗೆ ಆರಂಭಿಸಬೇಕು. ಆ ವೇಳೆ ಮೀರಿದ ಮೇಲೆ, ಕಾರಣ ಏನೇ ಇದ್ದರೂ, ಅಂದು ಯಾರನ್ನೂ ಮೇಲಕ್ಕೆ ಕಳುಹಿಸುವುದಿಲ್ಲ. ಹಾಗೆಯೇ ಬೆಳಿಗ್ಗೆ 8 ಗಂಟೆಗೆ ಮೊದಲು ಕೆರೆಮನೆಯಿಂದ ಯಾರೂ ಕೆಳಗಿಳಿಯುವಂತಿಲ್ಲ. ಇದುವರೆಗೆ ಸಂಜೆ 4.30ಕ್ಕೆ ಬಂದವರನ್ನೂ ಕರೆದುಕೊಂಡು ಹೋಗುತ್ತಿದ್ದ ನಾವು ಏಕಾಏಕಿ ಮೂರೂವರೆ ಗಂಟೆ ಹಿಂದಕ್ಕೆ ಸರಿದಿರುವುದು ಅನೇಕರಿಗೆ ಅತಿಯೆನಿಸಬಹುದು. ಕಾರಣ, ಆ ದಾರಿಯಲ್ಲಿ ಓಡಾಡುವ ಕಾಡಾನೆಗಳು. ಗೇಟಿಗೆ ಒಂದು ಫಲಕ ತೂಗುಹಾಕಿ ಸುಮ್ಮನಾಗಬಹುದಿತ್ತು. ಆದರೆ ಮಕ್ಕಳು ಚಿಕ್ಕವರಿದ್ದಾಗಿನಿಂದ ಪ್ರತಿ ವರ್ಷ ಬರುತ್ತಿರುವ ಕುಟುಂಬಗಳು ನಮ್ಮಲ್ಲಿವೆ, ಅಂಥವರಿಗೆ ಕಾರಣವನ್ನು ಬಿಡಿಸಿ ಹೇಳದೆ ನಿಯಮವನ್ನು ಮಾತ್ರ ಹೇಳುವುದು ಸರಿಯಲ್ಲವೆಂದು ಆಡಳಿತ ಮಂಡಳಿಯ ಸಭೆಯಲ್ಲಿ ತೀರ್ಮಾನವಾಯಿತು.

ಹೊಸಬರಿಗಾಗಿ ಸ್ಥಳದ ಬಗ್ಗೆ ಎರಡು ಮಾತು. ಕೆರೆಮನೆಯ ಮುಂದಿರುವ ಕೆರೆ ವಿಹಾರಕ್ಕೆಂದು ಆದದ್ದಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಬರಬೇಕಾದ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ರೊಬಸ್ಟಾ ಕಾಫಿ ಗಿಡಗಳಿಗೆ ಜೆಟ್ (ನೀರು ಚಿಮ್ಮಿಸುವ ಸಾಧನ) ಇಟ್ಟು ನೀರು ಹಾರಿಸಲೇಬೇಕಾಗುತ್ತದೆ; ಅದಕ್ಕಾಗಿ ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಹಿಂದಿನವರು ಏರಿ ಕಟ್ಟಿ ನೀರು ನಿಲ್ಲಿಸಿದರು. ಪಂಪು ಕಾಯುವವರು ರಾತ್ರಿ ಮಲಗಲೆಂದು ಕಟ್ಟಿದ ಹೆಂಚಿನ ಮನೆಯೇ ಇಂದಿನ ಕೆರೆಮನೆ. ಗೇಟಿನಿಂದ ಅಲ್ಲಿಗೆ 6 ಕಿಲೋಮೀಟರ್. ಕಾಫಿ ಒಣಗಿಸುವ ಕಣದವರೆಗಿನ ಮೊದಲ 2 ಕಿಲೋಮೀಟರ್ ಜೀಪು ಹೋಗುತ್ತದೆ, ಆಮೇಲೆ ಕಾಲುದಾರಿ: ಹಡ್ಲಿನ (ಗುಡ್ಡಗಳ ನಡುವಿನ ತಗ್ಗಿನ ಗದ್ದೆಯ) ಅಂಚು, ಹಳ್ಳಕ್ಕೆ ಹಾಕಿದ ಸಂಕ (ಕಾಲುಸೇತುವೆ), ಸಿಲ್ವರ್ ಮರಗಳ ಏರು, ಕೊನೆಯಲ್ಲಿ ಸ್ವಲ್ಪ ದೂರ ಕಾಡು. ಪೇಟೆಯಿಂದ ಬಂದವರಿಗೆ, ಚೀಲ ಹೊತ್ತು, ನಡುವೆ ನಿಂತು ಚಿತ್ರ ತೆಗೆದುಕೊಂಡು ಹೋಗಲು ಎರಡೂವರೆಯಿಂದ ಮೂರು ಗಂಟೆ ಬೇಕು. ನಮ್ಮ ತೋಟದ ಆಳುಗಳು ಅದೇ ದಾರಿಯನ್ನು ಒಂದೂಕಾಲು ಗಂಟೆಯಲ್ಲಿ ಇಳಿಯುತ್ತಾರೆ.

ಈ ಲೆಕ್ಕದ ಮೇಲೆಯೇ ಹೊಸ ವೇಳೆ ನಿಂತಿದೆ. 1.30ಕ್ಕೆ ಹೊರಟ ತಂಡ 4.30ರೊಳಗೆ ಕೆರೆಮನೆ ಸೇರುತ್ತದೆ. ದಾರಿ ತೋರಿಸಲು ಬಂದವರು ಕೂಡಲೇ ಹಿಂದಿರುಗಿದರೆ 5.45ಕ್ಕೆ ತಮ್ಮ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆಯಲ್ಲಿ) ಇರುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು 6 ಗಂಟೆಯ ಆಸುಪಾಸಿನಲ್ಲಿ, ಮತ್ತು ಪಶ್ಚಿಮಕ್ಕೆ ಗುಡ್ಡವಿರುವ ಹಡ್ಲಿನಲ್ಲಿ ಅದಕ್ಕೂ ಮೊದಲೇ ಕತ್ತಲಾಗುತ್ತದೆ. ನಾವು ಇಷ್ಟು ವರ್ಷ ಕೇವಲ ಅತಿಥಿಗಳು ಎಷ್ಟು ಹೊತ್ತಿಗೆ ತಲುಪುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆವು. ಅವರನ್ನು ಬಿಟ್ಟು ಒಬ್ಬನೇ ಇಳಿದು ಬರುವವನು ಎಷ್ಟು ಹೊತ್ತಿಗೆ ಮನೆ ಸೇರುತ್ತಾನೆ ಎಂಬುದು ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಡಿಸೆಂಬರ್‌ನಲ್ಲಿ ಆರು ಮಂದಿಯ ಒಂದು ತಂಡ 4.45ಕ್ಕೆ ಗೇಟಿಗೆ ಬಂತು. ಹಣ ಪೂರ್ತಿ ಕಟ್ಟಿದ್ದರು, ದೂರದಿಂದ ಬಂದಿದ್ದರು, ಹದಿನೈದು ನಿಮಿಷ ತಡವಾದದ್ದಕ್ಕೆ ವಾಪಸು ಕಳುಹಿಸುವುದು ನ್ಯಾಯವೇ ಎಂದು ಕೇಳಿದರು. ಕಚೇರಿಯಲ್ಲಿದ್ದ ನಾನೇ ಒಪ್ಪಿದೆ. ಆದ್ದರಿಂದ ತಪ್ಪು ಅತಿಥಿಗಳದ್ದಲ್ಲ. ಅವರನ್ನು ಕರೆದುಕೊಂಡು ಹೋದ ನಮ್ಮ ಆಳು 7 ಗಂಟೆಯ ಸುಮಾರಿಗೆ ಕೆರೆಮನೆಯ ಬೀಗ ತೆಗೆದು, ಒಲೆ ಹಚ್ಚಿಕೊಟ್ಟು, ಟಾರ್ಚು ಹಿಡಿದು ಒಬ್ಬನೇ ಕೆಳಗೆ ಹೊರಟ. ಸಂಕ ದಾಟುವ ಮುನ್ನ ಹಡ್ಲಿನಲ್ಲಿ ಭತ್ತದ ಕೂಳೆ ಕೀಳುವ ಸದ್ದು ಕೇಳಿ ಬೆಳಕು ಆರಿಸಿ ನಿಂತಾಗ, ಒಂಟಿ ಸಲಗವೊಂದು ದಾರಿಯ ಮೇಲೆಯೇ ಇರುವುದು ಗೊತ್ತಾಯಿತು. ಹಿಂದೆ ಸರಿದು ಹಳ್ಳದ ಬದಿಯ ಹಳೆಯ ಪಂಪ್ ಮನೆಯೊಳಗೆ ಸೇರಿಕೊಂಡವನು ಬೆಳಿಗ್ಗೆ ಬೆಳಕು ಹರಿಯುವವರೆಗೆ ಅಲ್ಲಿಯೇ ಕುಳಿತಿದ್ದ. ಮೊಬೈಲ್‌ಗೆ ಸಿಗ್ನಲ್ ಇಲ್ಲದ ಜಾಗ. ಲೈನ್ ಮನೆಯಲ್ಲಿ ಅವನ ಹೆಂಡತಿ ರಾತ್ರಿಯಿಡೀ ಬಾಗಿಲಲ್ಲಿ ನಿಂತಿದ್ದರು. ಮೇಲಿದ್ದ ಅತಿಥಿಗಳಿಗೆ ಇದಾವುದೂ ತಿಳಿಯದೆ ಅವರು ಚೆನ್ನಾಗಿ ನಿದ್ದೆ ಮಾಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಬೆಳಿಗ್ಗೆ ಕಚೇರಿಗೆ ಬಂದು ಆ ತಾಯಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಸಕಲೇಶಪುರ, ಆಲೂರು, ಬೇಲೂರು ಸೀಮೆಯ ಆನೆಗಳು ದೊಡ್ಡ ಕಾಡಿನಿಂದ ದಾರಿ ತಪ್ಪಿ ಬಂದವು ಎಂದು ದೂರದವರು ತಿಳಿದಿರುತ್ತಾರೆ. ಹಾಗಲ್ಲ. ಅನೇಕ ಗುಂಪುಗಳು ಕಾಫಿ ತೋಟ, ನೆಡುತೋಪು, ಗದ್ದೆ, ಕೆರೆಗಳ ನಡುವೆಯೇ ಮರಿ ಹಾಕಿ, ಮರಿಗಳನ್ನು ಬೆಳೆಸಿ ಇಲ್ಲಿಯವೇ ಆಗಿವೆ. ಹಗಲಿನಲ್ಲಿ ಆಳುಗಳ ಸದ್ದಿಲ್ಲದ ಮೂಲೆ ಹುಡುಕಿ ನೆರಳಲ್ಲಿ ನಿಲ್ಲುತ್ತವೆ, ಹೊತ್ತಿಳಿದ ಮೇಲೆ ಮೇವಿಗೆ, ನೀರಿಗೆ ಹೊರಡುತ್ತವೆ, ಬೆಳಗಿನ ಜಾವ ಮತ್ತೆ ನೆರಳಿಗೆ ಮರಳುತ್ತವೆ. ವಯಸ್ಸಿಗೆ ಬಂದ ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೊ ಮೇವು, 100 ಲೀಟರಿಗೂ ಹೆಚ್ಚು ನೀರು ಬೇಕು. ಅಷ್ಟು ನೀರು ಒಂದೆಡೆ ನಿಂತು ಕುಡಿಯಲು ಸಿಗುವುದು ನಮ್ಮಂಥ ಕೆರೆಗಳಲ್ಲಿಯೇ. ಇನ್ನೊಂದು ತೊಡಕೆಂದರೆ, ಕೆರೆಮನೆಗೆ ಹೆಚ್ಚು ಬೇಡಿಕೆ ಇರುವ ನವೆಂಬರ್, ಡಿಸೆಂಬರ್ ತಿಂಗಳುಗಳೇ ಹಡ್ಲಿನ ಭತ್ತ ತೆನೆ ಬಾಗಿ ಕೊಯ್ಲಿಗೆ ಬರುವ ಕಾಲ. ಬೇಸಿಗೆಯ ರಜೆಗೆ ಬರುವವರ ಹೊತ್ತಿಗೆ ಹಲಸು ಹಣ್ಣಾಗಿರುತ್ತದೆ, ಹಲಸಿನ ವಾಸನೆಗೆ ಬರುವಷ್ಟು ಆನೆ ಬೇರೆ ಯಾವುದಕ್ಕೂ ಬರುವುದಿಲ್ಲವೆಂದು ನಮ್ಮ ತೋಟದ ರೈಟರು (ಲೆಕ್ಕ ಬರೆಯುವವರು) ಹೇಳುತ್ತಾರೆ. ಎತ್ತರಕ್ಕೆ ಬೆಳೆದ ರೊಬಸ್ಟಾ ಸಾಲಿನೊಳಗೆ ನಿಂತ ಆನೆ ಹತ್ತು ಮಾರು ದೂರದಿಂದ ಹಗಲಿನಲ್ಲಿಯೇ ಕಾಣುವುದಿಲ್ಲ, ಮುಸ್ಸಂಜೆಯಲ್ಲಿ ಕಾಣುವುದೆಂತು? ನಮ್ಮ ಭಾಗದಲ್ಲಿ ಆನೆಗೆ ಸಿಕ್ಕಿ ಜೀವ ಕಳೆದುಕೊಂಡವರಲ್ಲಿ ಬೆಳ್ಳಂಬೆಳಿಗ್ಗೆ ಕೆಲಸಕ್ಕೆ ಹೊರಟ, ಸಂಜೆ ಕೆಲಸ ಮುಗಿಸಿ ಮನೆಗೆ ನಡೆದ ತೋಟದ ಕಾರ್ಮಿಕರೇ ಬಹಳ ಮಂದಿ ಎಂಬುದು ಇಲ್ಲಿಯ ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ವಿಚಾರ ಪ್ರಸ್ತಾಪಕ್ಕೆ ಬಂದಾಗ ಕೆಲವು ಗ್ರಾಹಕರು ಒಳ್ಳೆಯ ಮನಸ್ಸಿನಿಂದಲೇ ಪರ್ಯಾಯಗಳನ್ನು ಸೂಚಿಸಿದ್ದರು. ಕೆರೆಮನೆಯವರೆಗೆ ಜೀಪಿನ ರಸ್ತೆ ಮಾಡಿಸಿ ಎಂಬುದು ಒಂದು. ರಸ್ತೆ ಮಾಡಿದರೆ ಕೆರೆಮನೆಗೆ ಬರಬೇಕೆನ್ನುವ ಕಾರಣವೇ ಉಳಿಯುವುದಿಲ್ಲ ಎಂಬ ಮಾತು ಹಾಗಿರಲಿ. ತಿರುವಿನಲ್ಲಿ ಎದುರಾದ ಆನೆಯಿಂದ ಹಿಂದಕ್ಕೆ ಓಡಿಸಲಾಗದ ಜೀಪು, ಕಾಲಿನಲ್ಲಿ ಓಡುವುದಕ್ಕಿಂತ ದೊಡ್ಡ ಅಪಾಯ. ಹಡ್ಲಿನ ಸುತ್ತ ಸೋಲಾರ್ ಬೇಲಿ ಹಾಕಿ ಎಂದವರೂ ಇದ್ದಾರೆ. ಹಾಕಬಹುದು, ಆದರೆ ನಮ್ಮ ಬೇಲಿಗೆ ತಾಗಿದ ಆನೆ ಮಾಯವಾಗುವುದಿಲ್ಲ, ಪಕ್ಕದ ಸಣ್ಣ ಹಿಡುವಳಿದಾರನ ಗದ್ದೆಗೆ ಇಳಿಯುತ್ತದೆ. ಆ ಹಿಡುವಳಿದಾರನೂ ನಮ್ಮ ಸಂಘದ ಸದಸ್ಯನೇ. ಮತ್ತೆ ಕೆಲವರು ದೊಡ್ಡ ಸದ್ದಿನ ಗರ್ನಲ್ ಪಟಾಕಿ ಕೊಟ್ಟು ಇಬ್ಬರನ್ನು ಜೊತೆಗೆ ಕಳುಹಿಸಿದರೆ ಸಾಲದೇ ಎಂದು ಕೇಳಿದ್ದಾರೆ. ಪಟಾಕಿಗೆ ಹೆದರುತ್ತಿದ್ದ ಆನೆಗಳು ಈಗ ಹೆದರುವುದಿಲ್ಲ, ಕೆಲವು ಸದ್ದು ಬಂದ ಕಡೆಗೇ ತಿರುಗುತ್ತವೆ. 2023ರ ಡಿಸೆಂಬರ್ 4ರಂದು, ಎಂಟು ಬಾರಿ ಮೈಸೂರು ದಸರಾದ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಮಡಿದದ್ದು ನಮ್ಮದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಸೆರೆ ಹಿಡಿಯುವ ಕಾರ್ಯಾಚರಣೆಯ ನಡುವೆ. ಅಂದು ಹಗಲಿತ್ತು, ಮಾವುತರಿದ್ದರು, ಬೇರೆ ಸಾಕಾನೆಗಳಿದ್ದವು, ಅರಿವಳಿಕೆಯ ಬಂದೂಕಿತ್ತು. ಹಾಗಿರುವಾಗ ಒಂದು ಟಾರ್ಚು, ನಾಲ್ಕು ಪಟಾಕಿ ಕೈಗಿತ್ತು ಇಬ್ಬರನ್ನು ಕತ್ತಲಿಗೆ ಕಳುಹಿಸಲು ನಮಗೆ ಧೈರ್ಯವಿಲ್ಲ.

ಹೊಸ ವೇಳೆಯ ಜೊತೆಗೆ ಇನ್ನೊಂದು ಏರ್ಪಾಡೂ ಬರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಗುಂಪುಗಳ ಜಾಡು ಹಿಡಿದು, ರೇಡಿಯೊ ಕಾಲರ್ ತೊಡಿಸಿದ ಹೆಣ್ಣಾನೆಗಳ ಚಲನೆ ನೋಡಿ, ಯಾವ ಊರಿನ ಬಳಿ ಆನೆ ಇದೆಯೆಂದು ಮೊಬೈಲ್ ಸಂದೇಶ ಕಳುಹಿಸುತ್ತಾರೆ. ಬೆಳಗಿನ ಸಂದೇಶದಲ್ಲಿ ನಮ್ಮ ಹಡ್ಲಿನ ಸಮೀಪ ಗುಂಪು ಇರುವುದು ತಿಳಿದರೆ ಅಂದಿನ ಪ್ರಯಾಣವನ್ನೇ ರದ್ದು ಮಾಡಿ, ಕಾಯ್ದಿರಿಸುವಾಗ ನೀವು ಕೊಟ್ಟ ಸಂಖ್ಯೆಗೆ ಬೆಳಿಗ್ಗೆ 9 ಗಂಟೆಯೊಳಗೆ ಕರೆ ಮಾಡುತ್ತೇವೆ. ಈಗಾಗಲೇ ಮೇಲಿರುವವರಿಗೆ ತಿಳಿಸಲು ಕೆರೆಮನೆಯಲ್ಲಿ ಒಂದು ವಾಕಿಟಾಕಿ ಇಡಲಾಗಿದೆ. ದಯವಿಟ್ಟು ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಊಟದ ವಿಷಯದಲ್ಲಿ ಆಗುವ ಬದಲಾವಣೆಯೂ ಇದೇ ಕಾರಣದಿಂದ. ಇಲ್ಲಿಯವರೆಗೆ ರಾತ್ರಿಯ ಊಟವನ್ನು ಕೆಳಗಿನ ಅಡಿಗೆಮನೆಯಲ್ಲಿ ಮಾಡಿ, ಸಂಜೆ ಬುತ್ತಿ ಕಟ್ಟಿ ಮೇಲಕ್ಕೆ ತರುತ್ತಿದ್ದರು. ಬಿಸಿ ಅಕ್ಕಿರೊಟ್ಟಿಯ ಬಗ್ಗೆ ನಮ್ಮ ಅತಿಥಿ ಪುಸ್ತಕದಲ್ಲಿ ಬರೆದಿರುವಷ್ಟು ಹೊಗಳಿಕೆ ಕೆರೆಯ ಬಗ್ಗೆಯೂ ಇಲ್ಲ, ಆದ್ದರಿಂದ ಇದು ಹಲವರಿಗೆ ಬೇಸರ ತರುವುದೆಂದು ಬಲ್ಲೆವು. ಇನ್ನು ಮುಂದೆ ನಾಲ್ಕು ಅಥವಾ ಹೆಚ್ಚು ಮಂದಿ ಇದ್ದರೆ ಅಡಿಗೆಯವರು ನಿಮ್ಮೊಂದಿಗೇ ಮೇಲೆ ಬಂದು, ಹಿಂಬದಿಯ ಕೋಣೆಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ನಿಮ್ಮೊಂದಿಗೇ ಇಳಿಯುತ್ತಾರೆ. ಅದಕ್ಕಿಂತ ಕಡಿಮೆ ಮಂದಿ ಇದ್ದರೆ ಅಕ್ಕಿ, ಬೇಳೆ, ತರಕಾರಿ, ಹಾಲಿನ ಪುಡಿ, ಕಾಫಿ ಪುಡಿಯನ್ನು ಅಳೆದು ಕಟ್ಟಿ ಕೊಡುತ್ತೇವೆ, ಅಡಿಗೆ ನಿಮ್ಮದು. ಉಳಿದ ಪದಾರ್ಥವನ್ನು, ವಿಶೇಷವಾಗಿ ಬಾಳೆಹಣ್ಣು, ಬೆಲ್ಲ, ಉಪ್ಪನ್ನು ರಾತ್ರಿ ಜಗುಲಿಯಲ್ಲಿ ಬಿಡದೆ ಒಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕು. ಕತ್ತಲಾದ ಮೇಲೆ ಕೆರೆಯ ಏರಿಯ ಮೇಲೆ ಹೋಗಬಾರದು.

ಅಡಿಗೆಯವರಿಗೆ ಕೋಣೆ ಬಿಟ್ಟುಕೊಡುವುದರಿಂದ ಅತಿಥಿಗಳ ಸಂಖ್ಯೆ 10ರಿಂದ 6ಕ್ಕೆ ಇಳಿಯುತ್ತದೆ, ಮತ್ತು ಒಂದು ರಾತ್ರಿಗೆ ಒಂದೇ ತಂಡ. ತಲಾ ಬಾಡಿಗೆಯನ್ನು ಈ ವರ್ಷ ಏರಿಸಿಲ್ಲ. ಸಂಘಕ್ಕೆ ಇದರಿಂದ ಆದಾಯ ಕಡಿಮೆಯಾಗುವುದು ನಿಜ. ಕಾಫಿಗೆ ಬೆಲೆ ಇರುವ ವರ್ಷದಲ್ಲಿ ಅದನ್ನು ತಡೆದುಕೊಳ್ಳಬಹುದು, ಮುಂದಿನ ವರ್ಷದ ಮಾತನ್ನು ಈಗಲೇ ಕೊಡಲಾರೆವು. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ಸಂಕ ಮುಳುಗುವುದರಿಂದ ಕೆರೆಮನೆ ಎಂದಿನಂತೆ ಮುಚ್ಚಿರುತ್ತದೆ. ಅಕ್ಟೋಬರ್‌ನಲ್ಲಿ ಬರುವವರಿಗೆ ಇಂಬಳದ (ಜಿಗಣೆಯ) ಕಾಟ ಇದ್ದೇ ಇರುತ್ತದೆ, ಉದ್ದನೆಯ ಕಾಲುಚೀಲ ತನ್ನಿ.

ಅಕ್ಟೋಬರ್ 1ರ ನಂತರದ ದಿನಗಳಿಗೆ ಈಗಾಗಲೇ ಕಾಯ್ದಿರಿಸಿರುವವರು ಹೊಸ ವೇಳೆ ತಮಗೆ ಹೊಂದುವುದಿಲ್ಲವೆಂದು ತಿಳಿಸಿದರೆ ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ, ಕಾರಣ ಕೇಳುವುದಿಲ್ಲ. ಆರಕ್ಕಿಂತ ಹೆಚ್ಚು ಮಂದಿಗೆ ಕಾಯ್ದಿರಿಸಿದ ತಂಡಗಳಿಗೆ ಕಚೇರಿಯಿಂದಲೇ ಕರೆ ಬರುತ್ತದೆ. ಎರಡು ದಿನಗಳಾಗಿ ಹಂಚಿಕೊಳ್ಳುವುದೋ, ಹಣ ಪಡೆಯುವುದೋ ನಿಮ್ಮ ಇಚ್ಛೆ. ಆನೆಯ ಕಾರಣಕ್ಕೆ ನಾವೇ ರದ್ದು ಮಾಡಿದ ದಿನಕ್ಕೂ ಪೂರ್ತಿ ಹಣ ವಾಪಸು. ಆದರೆ 1 ಗಂಟೆ ಮೀರಿ ಗೇಟಿಗೆ ಬಂದವರಿಗೆ ಹಣ ಹಿಂದಿರುಗಿಸಲು ಆಗುವುದಿಲ್ಲ. ಅಂಥವರಿಗೆ ಆ ರಾತ್ರಿ ಕೆಳಗಿನ ಹಳೆಯ ಬಂಗಲೆಯಲ್ಲಿ ಜಾಗವಿದ್ದರೆ ಅದೇ ಹಣಕ್ಕೆ ಮಲಗಲು ವ್ಯವಸ್ಥೆ ಮಾಡಿ, ಮರುದಿನ ಬೆಳಿಗ್ಗೆ 9 ಗಂಟೆಗೆ ಕೆರೆಯವರೆಗೆ ಕರೆದೊಯ್ದು ಸಂಜೆಯೊಳಗೆ ಇಳಿಸುತ್ತೇವೆ. ಈ ಒಂದು ವಿಷಯದಲ್ಲಿ ವಿನಾಯಿತಿ ಕೇಳಬೇಡಿ. ಕಚೇರಿಯಲ್ಲಿ ಕುಳಿತವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸಂಘ ಹಿಂದಕ್ಕೆ ಪಡೆದಿದೆ, ನನ್ನದನ್ನೂ ಸೇರಿಸಿ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಶನಿವಾರ ಬೆಳಿಗ್ಗೆ ಎದ್ದು, ತಿಂಡಿಗೆ ನಿಂತು, ಹಾಸನದ ಬಳಿ ಮತ್ತೆ ಕಾಫಿಗೆ ನಿಂತು ಬರುವವರು 1 ಗಂಟೆಯೊಳಗೆ ಗೇಟು ಮುಟ್ಟುವುದು ಕಷ್ಟ. ಹಿಂದಿನ ರಾತ್ರಿಯೇ ಹಾಸನಕ್ಕೋ ಸಕಲೇಶಪುರಕ್ಕೋ ಬಂದು ಉಳಿಯುವುದು ಉತ್ತಮ. ಮಂಗಳೂರಿನ ಕಡೆಯಿಂದ ಶಿರಾಡಿ ಘಾಟಿ ಹತ್ತಿ ಬರುವವರು ಲಾರಿಗಳ ಸಾಲಿಗೆ ಒಂದು ಗಂಟೆಯನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಹಿಂದಿರುಗುವ ದಿನ ಬೆಳಿಗ್ಗೆ 8ಕ್ಕೆ ಕೆರೆಮನೆ ಬಿಟ್ಟರೆ ಗೇಟಿಗೆ ಬರುವಾಗ 10.30 ಆಗಿರುತ್ತದೆ, ಆದ್ದರಿಂದ 11 ಗಂಟೆಗೆ ಮೊದಲಿನ ಬಸ್ಸು, ರೈಲಿಗೆ ಟಿಕೆಟ್ ಮಾಡಿಸಬೇಡಿ.

ಸಂದೇಹಗಳಿದ್ದರೆ ಕಚೇರಿಗೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 9ರಿಂದ ಸಂಜೆ 5ರ ನಡುವೆ, ನಿಮ್ಮ ರಸೀದಿಯಲ್ಲಿರುವ ಸಂಖ್ಯೆಗೆ ಕರೆ ಮಾಡಬಹುದು. ಕುಯ್ಲಿನ ದಿನಗಳಲ್ಲಿ ಫೋನು ಎತ್ತಲು ತಡವಾದರೆ ಇನ್ನೊಮ್ಮೆ ಮಾಡಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)